ವ್ಯಾಪಾರದ ವೆಬ್‌ಸೈಟ್: ಯಾವ ಕೆಲಸ ಮೊದಲು, ಯಾವುದು ಆಮೇಲೆ?

ಹೊಸಪುಟ

ಸೇವೆ ಒದಗಿಸುವ ಒಂದು ಸಣ್ಣ ಸಂಸ್ಥೆಯ ವೆಬ್‌ಸೈಟನ್ನು ಹೊಸದಾಗಿ ಕಟ್ಟಬೇಕಿದೆ. ಆರು ಸೇವೆಗಳು, ಒಟ್ಟು 15ರಿಂದ 20 ಪುಟ. ಆನ್‌ಲೈನ್ ಮಾರಾಟ ಈಗಿಲ್ಲ, ಮುಂದೆ ಬರಬಹುದು. ಹಳೆಯ ಸೈಟ್ ನಡೆಯುತ್ತಿದೆ, ಅದೇ ಡೊಮೈನ್‌ನಲ್ಲಿ ಇಮೇಲ್ ಕೂಡ ಇದೆ. ವಿನ್ಯಾಸಕಾರರು ಮುಖಪುಟದ ಮೂರು ಮಾದರಿ ಕಳಿಸಿ ಒಂದನ್ನು ಆರಿಸಿ ಎನ್ನುತ್ತಿದ್ದಾರೆ. ಅಲ್ಲಿಂದಲೇ ಶುರು ಮಾಡಬಹುದೇ? ಹಂತಗಳ ಸರಿಯಾದ ಕ್ರಮ ಯಾವುದು, ಎಲ್ಲೆಲ್ಲಿ ಎಡವುವ ಸಂಭವ ಹೆಚ್ಚು?

ಜಾಲಶಿಲ್ಪಿ

ಮಾದರಿಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಪುಟದಲ್ಲಿ ಏನು ಇರುತ್ತದೆಂದು ಗೊತ್ತಾಗುವ ಮೊದಲೇ ಬಣ್ಣ ಆರಿಸಿದರೆ, ಆಮೇಲೆ ಆ ಚೌಕಟ್ಟಿಗೆ ಹೊಂದಲಿ ಎಂದು ಮಾತನ್ನೇ ಕತ್ತರಿಸುತ್ತಾ ಕೂರಬೇಕಾಗುತ್ತದೆ.

ಮೊದಲು ಒಂದೇ ಹಾಳೆಯಲ್ಲಿ ಮೂರು ವಿಷಯ ಬರೆಯಿರಿ: ಸೈಟಿಗೆ ಬರುವವರು ಯಾರು, ಬಂದವರು ಏನು ಮಾಡಬೇಕು, ಮಾಡಿದರು ಎಂದು ಎಣಿಸುವುದು ಹೇಗೆ. "ನಮ್ಮ ಹೆಸರು ಬೆಳೆಯಬೇಕು" ಎಂಬುದು ಎಣಿಕೆಗೆ ಸಿಗುವುದಿಲ್ಲ. "ಸೇವೆಯ ಪುಟ ಓದಿದವರು ಕರೆ ಮಾಡಬೇಕು ಅಥವಾ ವಿಚಾರಣೆ ಫಾರ್ಮ್ ತುಂಬಬೇಕು" ಎಂದು ಬರೆದರೆ ಸಿಗುತ್ತದೆ. ಮುಂದೆ ಯಾವ ಪುಟ ಬೇಕು, ಯಾವ ಬಟನ್ ಎಲ್ಲಿರಬೇಕು ಎಂಬ ಜಗಳ ಬಂದಾಗಲೆಲ್ಲ ಈ ಹಾಳೆಯೇ ತೀರ್ಪು ಹೇಳುತ್ತದೆ.

ಎರಡನೆಯದು ಹಳೆಯ ಸೈಟಿನ ಲೆಕ್ಕಪಟ್ಟಿ. ಒಂದು ಸ್ಪ್ರೆಡ್‌ಶೀಟಿನಲ್ಲಿ ಪ್ರತಿಯೊಂದು ವಿಳಾಸಕ್ಕೂ ಒಂದು ಸಾಲು. ಕಾಲಂಗಳು ಇಷ್ಟು ಸಾಕು: ಪುಟದ ವಿಳಾಸ, ಶೀರ್ಷಿಕೆ, ಹುಡುಕಾಟದಿಂದ ಬಂದ ಕ್ಲಿಕ್‌ಗಳು, ಹೊರಗಿನ ಸೈಟ್‌ಗಳಿಂದ ಬಂದಿರುವ ಕೊಂಡಿಗಳು, ತೀರ್ಮಾನ, ಹೊಸ ವಿಳಾಸ. ತೀರ್ಮಾನದ ಕಾಲಂನಲ್ಲಿ ನಾಲ್ಕೇ ಪದ: ಉಳಿಸು, ತಿದ್ದು, ಕೂಡಿಸು, ತೆಗೆ. ಕ್ಲಿಕ್‌ಗಳ ಲೆಕ್ಕ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ (ಸೈಟ್ ಗೂಗಲ್ ಹುಡುಕಾಟದಲ್ಲಿ ಹೇಗಿದೆ ಎಂದು ಒಡೆಯರಿಗೆ ತೋರಿಸುವ ಸಾಧನ) ಸಿಗುತ್ತದೆ. ಅದು 16 ತಿಂಗಳ ಮಾಹಿತಿ ಮಾತ್ರ ಇಟ್ಟುಕೊಳ್ಳುವುದರಿಂದ ಕೆಲಸ ಶುರುವಾಗುವ ದಿನವೇ ಇಳಿಸಿಕೊಂಡುಬಿಡಿ. ಪಿಡಿಎಫ್ ಕಡತಗಳನ್ನೂ ಪಟ್ಟಿಗೆ ಸೇರಿಸಿ. ಎಲ್ಲರೂ ಮರೆಯುವುದು ಅವನ್ನೇ, ಹೊರಗಿನ ಕೊಂಡಿಗಳು ಹೆಚ್ಚಾಗಿರುವುದೂ ಎಷ್ಟೋ ಸಲ ಅವಕ್ಕೇ.

ಅಕ್ಷರಜೋಡಣೆ

ಲೆಕ್ಕಪಟ್ಟಿಯ ನಂತರ ಬರಹ. ಇಡೀ ಯೋಜನೆ ತಡವಾಗುವುದು ಕೋಡ್‌ನಿಂದಲ್ಲ, ಬರದೇ ಇರುವ ಬರಹದಿಂದ. 20 ಪುಟದ ಸೈಟಿಗೆ ಬರೆಯುವುದು, ತಜ್ಞರಿಂದ ಪರಿಶೀಲನೆ, ತಿದ್ದುಪಡಿ ಎಲ್ಲ ಸೇರಿ ಮೂರರಿಂದ ನಾಲ್ಕು ವಾರ ಮೀಸಲಿಡಿ. ಪ್ರತಿ ಪುಟಕ್ಕೂ ಬರೆಯುವವರು ಒಬ್ಬರು, ಒಪ್ಪಿಗೆ ಕೊಡುವವರು ಒಬ್ಬರೇ ಇರಲಿ. ಒಪ್ಪಿಗೆ ಕೊಡುವವರು ಮೂವರಾದರೆ ಆ ಪುಟ ಮೂವರ ಇನ್‌ಬಾಕ್ಸ್‌ನಲ್ಲೂ ಕೊಳೆಯುತ್ತದೆ.

ಆರು ಸೇವೆ ಎಂದಿದ್ದೀರಿ. ಆರಕ್ಕೂ ಪ್ರತ್ಯೇಕ ಪುಟ ಬೇಕು. "ನಮ್ಮ ಸೇವೆಗಳು" ಎಂಬ ಒಂದೇ ಪುಟದಲ್ಲಿ ಆರೂ ಸೇವೆಗೆ ಎರಡೆರಡು ಸಾಲು ಹಾಕಿದರೆ ಹುಡುಕಾಟದಲ್ಲಿ ಒಂದೂ ಮೇಲೆ ಬರುವುದಿಲ್ಲ, ಓದುಗರ ಪ್ರಶ್ನೆಗೆ ಉತ್ತರವೂ ಸಿಗುವುದಿಲ್ಲ. ಸೇವೆಯ ಪುಟದಲ್ಲಿ ಬರಬೇಕಾದ್ದು: ಈ ಸೇವೆ ಯಾರಿಗೆ, ಯಾರಿಗಲ್ಲ, ಕೆಲಸ ಯಾವ ಕ್ರಮದಲ್ಲಿ ನಡೆಯುತ್ತದೆ, ಎಷ್ಟು ಸಮಯ ಹಿಡಿಯುತ್ತದೆ, ದರ ಯಾವುದರ ಮೇಲೆ ನಿಂತಿದೆ, ಗ್ರಾಹಕರು ಏನೇನು ಸಿದ್ಧಪಡಿಸಿಕೊಂಡು ಬರಬೇಕು, ಮುಂದೇನು ಮಾಡಬೇಕು. ನಿಖರ ದರ ಹೇಳಲಾಗದಿದ್ದರೆ ದರ ಏರಿಳಿಯುವ ಕಾರಣಗಳನ್ನಾದರೂ ಹೇಳಿ. ಫೋನಿನಲ್ಲಿ ಜನ ಪದೇ ಪದೇ ಕೇಳುವ ಪ್ರಶ್ನೆಗಳ ಪಟ್ಟಿಯನ್ನು ಕರೆ ಸ್ವೀಕರಿಸುವವರಿಂದಲೇ ಪಡೆಯಿರಿ. ಅದಕ್ಕಿಂತ ಒಳ್ಳೆಯ ಮೂಲಸಾಮಗ್ರಿ ಬೇರೆಲ್ಲೂ ಸಿಗುವುದಿಲ್ಲ.

ರೇಖಾಚಿತ್ರ

> ಲೆಕ್ಕಪಟ್ಟಿಯ ನಂತರ ಬರಹ

ಇದಕ್ಕೆ ನನ್ನ ತಕರಾರಿದೆ. ಖಾಲಿ ಡಾಕ್ಯುಮೆಂಟ್ ಕೊಟ್ಟು ಬರೆಯಿರಿ ಎಂದರೆ ಹೆಚ್ಚಿನವರಿಗೆ ಕೈ ಓಡುವುದಿಲ್ಲ. ಎಷ್ಟು ಜಾಗ, ಯಾವುದರ ಕೆಳಗೆ ಯಾವುದು ಎಂದು ತಿಳಿಯದೆ ಬರೆದ ಬರಹ ಪುಟಕ್ಕೆ ಒಗ್ಗುವುದೂ ಇಲ್ಲ, ಕೊನೆಗೆ ಇಡೀ ಪಠ್ಯ ಎರಡನೇ ಸಲ ಬರೆಯಬೇಕಾಗುತ್ತದೆ. ವೈರ್‌ಫ್ರೇಮ್, ಅಂದರೆ ಪುಟದಲ್ಲಿ ಯಾವುದು ಎಲ್ಲಿ ಎಂದು ತೋರಿಸುವ ಬಣ್ಣವಿಲ್ಲದ ರೇಖಾನಕ್ಷೆ, ಮೊದಲು ಬರಲಿ.

ಅಕ್ಷರಜೋಡಣೆ

ವೈರ್‌ಫ್ರೇಮ್‌ಗೆ ವಿರೋಧವಿಲ್ಲ, ಅದರೊಳಗೆ ಸುಳ್ಳು ಪಠ್ಯ ತುಂಬುವುದಕ್ಕೆ ವಿರೋಧ. ಪುಟದ ಮೂರು ಡಬ್ಬಿಗಳಲ್ಲಿ ಸಮಾನ ಉದ್ದದ ಅಣಕು ಸಾಲು ಹಾಕಿ ತೋರಿಸಿದರೆ ಎಲ್ಲವೂ ಚೆಂದ ಕಾಣುತ್ತದೆ. ನಿಜವಾದ ಬರಹ ಬಂದಾಗ ಒಂದು ಶೀರ್ಷಿಕೆ ಎರಡು ಪದ, ಇನ್ನೊಂದು ಹನ್ನೊಂದು ಪದ, ಡಬ್ಬಿಗಳು ಒಡೆದುಹೋಗುತ್ತವೆ. ಅದರಲ್ಲೂ ಕನ್ನಡದಂತೆ ಪದಗಳು ಉದ್ದವಿರುವ, ಅಕ್ಷರದ ಕೆಳಗೆ ಒತ್ತು ಬರುವ ಲಿಪಿಯಾದರೆ ಇಂಗ್ಲಿಷ್ ಪಠ್ಯದಲ್ಲಿ ಮಾಡಿದ ವಿನ್ಯಾಸ ನಿಲ್ಲುವುದೇ ಇಲ್ಲ. ಸಾಲುಗಳ ನಡುವಿನ ಅಂತರ ಅಕ್ಷರಗಾತ್ರದ 1.6 ಪಟ್ಟಾದರೂ ಇರಲಿ, ಇಲ್ಲದಿದ್ದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ.

ಜಾಲಶಿಲ್ಪಿ

ಇಬ್ಬರ ಮಾತೂ ಒಂದೇ ಕ್ರಮಕ್ಕೆ ಬಂದು ನಿಲ್ಲುತ್ತದೆ: ಪುಟಗಳ ಪಟ್ಟಿ, ಪ್ರತಿ ಪುಟಕ್ಕೆ ಹತ್ತು ಹದಿನೈದು ಸಾಲಿನ ಕಚ್ಚಾ ಬರಹ, ಅದನ್ನೇ ಹಾಕಿ ಬೂದು ಬಣ್ಣದ ವೈರ್‌ಫ್ರೇಮ್, ಪೂರ್ಣ ಬರಹ, ಆಮೇಲೆ ಬಣ್ಣ ಮತ್ತು ಅಕ್ಷರಶೈಲಿ.

ವೈರ್‌ಫ್ರೇಮ್ 20 ಪುಟಕ್ಕೂ ಬೇಡ. ಮುಖಪುಟ, ಸೇವೆಯ ಪುಟ, ಲೇಖನದ ಪುಟ, ಸಂಪರ್ಕ ಪುಟ, ಹೀಗೆ ನಾಲ್ಕೈದು ಮಾದರಿ ಸಾಕು. 360 ಪಿಕ್ಸೆಲ್ ಅಗಲದ ಫೋನ್ ಪರದೆಗೆ ಮೊದಲು ಬಿಡಿಸಿ, ದೊಡ್ಡ ಪರದೆಗೆ ಆಮೇಲೆ. ಗೂಗಲ್ ಓದುವುದು ಸೈಟಿನ ಮೊಬೈಲ್ ಆವೃತ್ತಿಯನ್ನೇ. ಫೋನಿನ ಆವೃತ್ತಿಯಲ್ಲಿ ಬರೀ ಅಡಗಿಸದೆ ಪೂರ್ತಿ ತೆಗೆದೇಹಾಕಿದ ಬರಹ ಅದರ ಪಾಲಿಗೆ ಇಲ್ಲವೇ ಇಲ್ಲ.

ಹೊಸಪುಟ

ಇದು ಅರ್ಥವಾಯಿತು, ಮಾದರಿಗಳನ್ನು ತಡೆಹಿಡಿಯಲು ಹೇಳುತ್ತೇವೆ. ಸೈಟ್ ಯಾವುದರಲ್ಲಿ ಕಟ್ಟಿಸಬೇಕು? ವರ್ಡ್‌ಪ್ರೆಸ್, ಸಿದ್ಧ ಬಿಲ್ಡರ್ ಸೇವೆ, ಕೋಡ್ ಬರೆಸುವುದು, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಸರ್ವರ್‌ಪಾಲಕ

ಸೈಟ್ ಪ್ರಕಟವಾದ ಮೇಲೆ ಅದನ್ನು ತಿದ್ದುವವರು ಯಾರು, ಎಷ್ಟು ಸಲ? ಉತ್ತರ ಅಲ್ಲಿದೆ.

ಸಿದ್ಧ ಬಿಲ್ಡರ್ ಆದರೆ ಹೋಸ್ಟಿಂಗ್ (ಸೈಟಿಗೆ ಸರ್ವರ್‌ನಲ್ಲಿ ಜಾಗ), ಭದ್ರತೆ, ಅಪ್‌ಡೇಟ್ ಎಲ್ಲ ಅವರದೇ. ನಿಮ್ಮಲ್ಲಿ ತಾಂತ್ರಿಕ ಕೈ ಇಲ್ಲದಿದ್ದರೆ ಇದು ಯೋಗ್ಯ ದಾರಿ. ಬಿಟ್ಟು ಹೋಗುವಾಗ ಮಾತ್ರ ಕಷ್ಟ: ಬರಹ ಹೊರತೆಗೆಯಬಹುದು, ವಿನ್ಯಾಸ ಅಲ್ಲೇ ಉಳಿಯುತ್ತದೆ. ಸೇರುವ ಮುಂಚೆ ಎರಡು ಕೇಳಿ. ಪುಟಗಳ ವಿಳಾಸವನ್ನು ನಮಗೆ ಬೇಕಾದಂತೆ ಇಟ್ಟುಕೊಳ್ಳಬಹುದೇ? 301 ಮರುನಿರ್ದೇಶನ (ಹಳೆಯ ವಿಳಾಸಕ್ಕೆ ಬಂದವರನ್ನು ಶಾಶ್ವತವಾಗಿ ಹೊಸದಕ್ಕೆ ಕಳಿಸುವ ಸೂಚನೆ) ನಾವೇ ಸೇರಿಸಬಹುದೇ? ಒಂದಕ್ಕೆ ಇಲ್ಲ ಎಂದರೂ ಅದು ಬೇಡ.

ವರ್ಡ್‌ಪ್ರೆಸ್ ಆದರೆ ತಿದ್ದುವುದು ಸುಲಭ, ಕೆಲಸಗಾರರು ಎಲ್ಲೆಡೆ ಸಿಗುತ್ತಾರೆ. ಬದಲಿಗೆ ಅಪ್‌ಡೇಟ್‌ನ ಹೊಣೆ ನಿಮ್ಮ ಮೇಲೆ. ವರ್ಡ್‌ಪ್ರೆಸ್ ಸೈಟುಗಳಿಗೆ ಕನ್ನ ಬೀಳುವುದು ಮೂಲ ತಂತ್ರಾಂಶದಿಂದ ಕಡಿಮೆ, ಅದಕ್ಕೆ ಮೇಲಿಂದ ಜೋಡಿಸುವ ಪ್ಲಗಿನ್‌ಗಳಿಂದ ಹೆಚ್ಚು. ಆದ್ದರಿಂದ ಒಂದೊಂದು ಪ್ಲಗಿನ್‌ಗೂ ಕಾರಣ ಕೇಳಿ, ವರ್ಷದಿಂದ ಅಪ್‌ಡೇಟ್ ಕಾಣದ್ದನ್ನು ಹಾಕಬೇಡಿ, ಬಳಸದ್ದನ್ನು ನಿಷ್ಕ್ರಿಯಗೊಳಿಸಿ ಬಿಡದೆ ಅಳಿಸಿಯೇ ಹಾಕಿ. ನಿಷ್ಕ್ರಿಯ ಪ್ಲಗಿನ್‌ನ ಕಡತಗಳು ಸರ್ವರ್‌ನಲ್ಲಿ ಉಳಿದಿರುತ್ತವೆ, ಅವುಗಳ ರಂಧ್ರವೂ ಉಳಿದಿರುತ್ತದೆ.

ಕೋಡ್ ಬರೆಸುವುದಾದರೆ, ಸ್ಟ್ಯಾಟಿಕ್ ಸೈಟ್ (ಮೊದಲೇ ಸಿದ್ಧಪಡಿಸಿದ ಪುಟಗಳನ್ನೇ ಸರ್ವರ್ ಕಳಿಸುವಂಥದ್ದು) ವೇಗ, ಭದ್ರತೆ ಎರಡರಲ್ಲೂ ಮುಂದು. ಆದರೆ ಫೋನ್ ನಂಬರ್ ಬದಲಿಸಲೂ ಡೆವಲಪರ್ ಬೇಕಾಗುವ ಹಾಗಿದ್ದರೆ ಆರು ತಿಂಗಳಲ್ಲಿ ಸೈಟ್ ಹಳಸುತ್ತದೆ. ತಿದ್ದುವ ಪರದೆಯೊಂದನ್ನು ಜೋಡಿಸಿಕೊಡುವುದಾದರೆ ಮಾತ್ರ ಒಪ್ಪಿ.

ಮುಂದೆ ಮಾರಾಟ ಬರಬಹುದು ಎಂದು ಇಂದೇ ಅಂಗಡಿಯ ತಂತ್ರಾಂಶ ಹಾಕಿಸಬೇಡಿ. ಬಂದಾಗ ಪಾವತಿಗೆ ಗೇಟ್‌ವೇಯವರದೇ ಪುಟ ಬಳಸಿ, ಕಾರ್ಡ್ ಸಂಖ್ಯೆ ನಿಮ್ಮ ಸರ್ವರ್ ಮುಟ್ಟದಿರಲಿ. ವ್ಯವಹಾರ ದೃಢವಾದ ಮೇಲೆ ಸಿವಿವಿ ಸಂಗ್ರಹಿಸಿಡುವುದನ್ನು ಕಾರ್ಡ್ ಮಾಹಿತಿಯ ಭದ್ರತೆಗಿರುವ ಪಿಸಿಐ ಡಿಎಸ್‌ಎಸ್ ನಿಯಮ ಪೂರ್ತಿ ನಿಷೇಧಿಸುತ್ತದೆ.

ಗಡಿಕಲ್ಲು

ಯಾರೂ ಒಡೆತನದ ಮಾತೆತ್ತಿಲ್ಲ. ಡೊಮೈನ್ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂದು ಇಂದೇ ನೋಡಿ. ರಿಜಿಸ್ಟ್ರಾರ್ ಬಳಿ, ಅಂದರೆ ಡೊಮೈನ್ ನೋಂದಾಯಿಸುವ ಕಂಪನಿಯಲ್ಲಿ, ಇರುವ ಖಾತೆ ಸಂಸ್ಥೆಯದಾಗಿರಬೇಕು, ಸೈಟ್ ಕಟ್ಟಿಕೊಡುವವರದಲ್ಲ. ಆ ಖಾತೆಯ ಇಮೇಲ್ ಅದೇ ಡೊಮೈನ್‌ನದ್ದಾಗಿರಬಾರದು. ಡೊಮೈನ್ ಅವಧಿ ಮುಗಿದರೆ ಇಮೇಲೂ ನಿಲ್ಲುತ್ತದೆ, ನವೀಕರಣದ ಎಚ್ಚರಿಕೆ, ಪಾಸ್‌ವರ್ಡ್ ಮರುಹೊಂದಿಕೆ ಯಾವುದೂ ತಲುಪುವುದಿಲ್ಲ. ಸ್ವಯಂ ನವೀಕರಣ, ಎರಡು ಹಂತದ ಲಾಗಿನ್, ವರ್ಗಾವಣೆ ಬೀಗ, ಮೂರೂ ಚಾಲೂ ಇರಲಿ.

ಒಪ್ಪಂದದಲ್ಲಿ ವಿನ್ಯಾಸದ ಮೂಲಕಡತ, ಕೋಡ್, ಚಿತ್ರಗಳ ಪರವಾನಗಿ, ಅಕ್ಷರಶೈಲಿಯ ಪರವಾನಗಿ ಯಾರಿಗೆ ಸೇರಿದ್ದು ಎಂದು ಬರೆಸಿ. ಹಣವನ್ನು ಹಂತಗಳಿಗೆ ಕಟ್ಟಿ: ವೈರ್‌ಫ್ರೇಮ್ ಒಪ್ಪಿಗೆ, ವಿನ್ಯಾಸ ಒಪ್ಪಿಗೆ, ಪರೀಕ್ಷಾ ಆವೃತ್ತಿ, ಪ್ರಕಟಣೆ. ಒಂದೊಂದು ಹಂತಕ್ಕೆ ಎಷ್ಟು ಸುತ್ತಿನ ತಿದ್ದುಪಡಿ ಎಂಬುದೂ ಬರಹದಲ್ಲಿರಲಿ. ಎರಡು ಸುತ್ತು ನ್ಯಾಯವಾದದ್ದು.

ಸರ್ವರ್‌ಪಾಲಕ

ಒಡೆತನದ ಜೊತೆಗೇ ಡಿಎನ್‌ಎಸ್, ಅಂದರೆ ಡೊಮೈನ್‌ನ ಸೈಟ್, ಇಮೇಲ್ ಯಾವ ಸರ್ವರ್‌ನಲ್ಲಿವೆ ಎಂದು ಹೇಳುವ ದಾಖಲೆಗಳು. ನಿಮ್ಮ ಸಂದರ್ಭದಲ್ಲಿ ಅತಿ ದೊಡ್ಡ ಅಪಾಯ ಇರುವುದು ಇಲ್ಲೇ, ಏಕೆಂದರೆ ಅದೇ ಡೊಮೈನ್‌ನಲ್ಲಿ ಇಮೇಲ್ ಇದೆ.

ಹೊಸ ಹೋಸ್ಟಿಂಗ್‌ನವರು "ನೇಮ್‌ಸರ್ವರ್ ಬದಲಿಸಿ" ಎಂದು ಹೇಳುತ್ತಾರೆ. ನೇಮ್‌ಸರ್ವರ್ ಎಂದರೆ ಆ ದಾಖಲೆಗಳನ್ನು ಇಟ್ಟುಕೊಂಡಿರುವ ಸರ್ವರ್. ಅದನ್ನು ಬದಲಿಸಿದರೆ ಡೊಮೈನ್‌ನ ಎಲ್ಲ ದಾಖಲೆಗಳೂ ಹೊಸ ಕಡೆಯಿಂದಲೇ ಓದಿಸಿಕೊಳ್ಳುತ್ತವೆ. ಅಲ್ಲಿ ಇಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಎಮ್‌ಎಕ್ಸ್ ದಾಖಲೆ ಇಲ್ಲದಿದ್ದರೆ ಬರುವ ಇಮೇಲ್ ನಿಲ್ಲುತ್ತದೆ. ಇಮೇಲ್ ನಿಜವಾಗಿ ನಿಮ್ಮದೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಇರುವ ಟಿಎಕ್ಸ್‌ಟಿ ದಾಖಲೆಗಳು ಇಲ್ಲದಿದ್ದರೆ ಹೋಗುವ ಇಮೇಲ್ ಸ್ಪ್ಯಾಮ್‌ಗೆ ಬೀಳುತ್ತದೆ, ಇಲ್ಲವೇ ತಿರಸ್ಕೃತವಾಗುತ್ತದೆ. ಸೈಟ್ ಮಾತ್ರ ಸರಿಯಾಗಿ ತೆರೆಯುತ್ತಿರುವುದರಿಂದ ಒಂದೆರಡು ದಿನ ಯಾರ ಗಮನಕ್ಕೂ ಬರುವುದಿಲ್ಲ.

ಸುರಕ್ಷಿತ ದಾರಿ ಎಂದರೆ ನೇಮ್‌ಸರ್ವರ್ ಮುಟ್ಟದೆ, ಸೈಟಿನ ಸರ್ವರ್ ಎಲ್ಲಿದೆ ಎಂದು ಹೇಳುವ ಎ ದಾಖಲೆಯನ್ನಷ್ಟೇ ಹೊಸ ಐಪಿಗೆ (ಹೊಸ ಸರ್ವರ್‌ನ ಸಂಖ್ಯಾ ವಿಳಾಸಕ್ಕೆ) ತಿರುಗಿಸುವುದು. ಎರಡು ದಿನ ಮುಂಚೆ ಅದರ ಟಿಟಿಎಲ್ (ಬೇರೆ ಸರ್ವರ್‌ಗಳು ಆ ದಾಖಲೆಯನ್ನು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡಿಗೆ ಇಳಿಸಿ. ಬದಲಾವಣೆ ಕೆಟ್ಟರೆ ಐದಾರು ನಿಮಿಷದಲ್ಲಿ ಹಿಂದಿರುಗಬಹುದು. ಐಪಿವಿ6 ಎಂಬ ಹೊಸ ಬಗೆಯ ಐಪಿ ವಿಳಾಸಕ್ಕಿರುವ ಎಎಎಎ ದಾಖಲೆ ಇದ್ದರೆ ಅದನ್ನೂ ಬದಲಿಸಿ, ಇಲ್ಲವೇ ತೆಗೆಯಿರಿ. ಅದು ಹಳೆಯ ಸರ್ವರ್‌ಗೇ ಉಳಿದರೆ ಐಪಿವಿ6 ಜಾಲದಲ್ಲಿರುವವರಿಗೆ ಹಳೆಯ ಸೈಟೇ ಕಾಣುತ್ತಿರುತ್ತದೆ, ಕಚೇರಿಯಲ್ಲಿ ಮಾತ್ರ ಎಲ್ಲ ಸರಿಯಿದ್ದ ಹಾಗೆ ತೋರುತ್ತದೆ. ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ದಾಖಲೆಗಳು ಅಸಲಿಯೇ ಎಂದು ಸಹಿಯಿಂದ ಪರಿಶೀಲಿಸುವ ವ್ಯವಸ್ಥೆ) ಚಾಲೂ ಇದ್ದು ನೇಮ್‌ಸರ್ವರ್ ಬದಲಿಸಲೇಬೇಕೆಂದರೆ ಮೊದಲು ರಿಜಿಸ್ಟ್ರಾರ್ ಮೂಲಕ ಆ ಸಹಿಯ ಗುರುತಾದ ಡಿಎಸ್ ದಾಖಲೆ ತೆಗೆಸಿ, ಅದರ ಟಿಟಿಎಲ್ ಮುಗಿಯುವವರೆಗೆ ಕಾಯಿರಿ. ಹಳೆಯ ಡಿಎಸ್ ಉಳಿದರೆ ಡಿಎನ್‌ಎಸ್‌ಸೆಕ್ ಪರಿಶೀಲಿಸುವ ಜಾಲಗಳಲ್ಲಿ ಡೊಮೈನ್ ಪೂರ್ತಿ ಮಾಯ.

ಸೈಟಿನ ಸಂಪರ್ಕ ಸುರಕ್ಷಿತವಾಗಿಡುವ ಎಚ್‌ಟಿಟಿಪಿಎಸ್ ಪ್ರಮಾಣಪತ್ರದ ನವೀಕರಣ ತಾನಾಗಿ ಆಗಬೇಕು, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ಕೈಯಿಂದ ಮಾಡುವ ಕಾಲ ಮುಗಿಯುತ್ತಿದೆ. 2029ರ ಮಾರ್ಚ್ ಹೊತ್ತಿಗೆ ಪ್ರಮಾಣಪತ್ರದ ಗರಿಷ್ಠ ಅವಧಿ 47 ದಿನಕ್ಕೆ ಇಳಿಯಲಿದೆ.

ಹೊಸಪುಟ

ಹಳೆಯ ಸೈಟಿನ ಸಂಪರ್ಕ ಫಾರ್ಮ್‌ನಿಂದ ಸಂದೇಶಗಳು ಆಗಾಗ ತಲುಪುತ್ತಲೇ ಇಲ್ಲ. ಇದಕ್ಕೂ ಡಿಎನ್‌ಎಸ್ಸಿಗೂ ಸಂಬಂಧವಿದೆಯೇ?

ಸರ್ವರ್‌ಪಾಲಕ

ಇದೆ. ಎಷ್ಟೋ ಫಾರ್ಮ್‌ಗಳು ಬರೆದವರ ಇಮೇಲ್ ವಿಳಾಸವನ್ನೇ ಕಳುಹಿಸಿದವರ ಜಾಗದಲ್ಲಿ ಹಾಕುತ್ತವೆ. ಬರೆದವರದು ಜಿಮೇಲ್ ವಿಳಾಸ, ಕಳಿಸುತ್ತಿರುವುದು ನಿಮ್ಮ ಸರ್ವರ್. ತಲುಪುವ ಕಡೆಯವರಿಗೆ ಅದು ನಕಲಿ ಇಮೇಲ್ ಹಾಗೆ ಕಾಣುತ್ತದೆ. ಕಳುಹಿಸಿದವರ ವಿಳಾಸ ನಿಮ್ಮದೇ ಡೊಮೈನ್‌ನದ್ದಾಗಿರಲಿ, ಬರೆದವರ ವಿಳಾಸ ರಿಪ್ಲೈ-ಟು (ಉತ್ತರ ಎಲ್ಲಿಗೆ ಎಂಬ) ಜಾಗದಲ್ಲಿರಲಿ. ಸರ್ವರ್‌ನ ಸ್ವಂತ ಮೇಲ್ ವ್ಯವಸ್ಥೆ ಬಿಟ್ಟು ಲಾಗಿನ್ ಇರುವ ಎಸ್‌ಎಮ್‌ಟಿಪಿ (ಇಮೇಲ್ ಕಳಿಸುವ) ಸೇವೆಯ ಮೂಲಕ ಕಳಿಸಿ. ಆ ಸೇವೆಯನ್ನು ಎಸ್‌ಪಿಎಫ್‌ಗೆ ಸೇರಿಸಿ, ಆದರೆ ಎಸ್‌ಪಿಎಫ್‌ನಲ್ಲಿ ಡಿಎನ್‌ಎಸ್ ಹುಡುಕಾಟ 10ರ ಮಿತಿ ದಾಟಿದರೆ ಇಡೀ ದಾಖಲೆ ದೋಷವೆಂದು ಎಣಿಕೆಯಾಗುತ್ತದೆ. ಒಂದು ಡೊಮೈನ್‌ಗೆ ಒಂದೇ ಎಸ್‌ಪಿಎಫ್ ದಾಖಲೆ, ಎರಡು ಇದ್ದರೂ ದೋಷವೇ.

ಇಷ್ಟಾದ ಮೇಲೂ ಪ್ರತಿ ಸಂದೇಶದ ಒಂದು ನಕಲು ಡೇಟಾಬೇಸ್‌ನಲ್ಲಿ ಉಳಿಯಲಿ. ಇಮೇಲ್ ತಪ್ಪಿದರೂ ವಿಚಾರಣೆ ಕಳೆಯಬಾರದು.

ಸರ್ವರಿಗೂದಾರಿ

ಫಾರ್ಮ್ ಬಗ್ಗೆ ಇನ್ನೂ ಸ್ವಲ್ಪ. ಹೆಸರು, ಫೋನ್ ಅಥವಾ ಇಮೇಲ್, ವಿಷಯ: ಇಷ್ಟು ಸಾಕು. ಪ್ರತಿ ಖಾನೆಯ ಮೇಲೂ ಕಾಣುವ ಲೇಬಲ್ ಇರಬೇಕು. ಖಾನೆಯೊಳಗೆ ಬೂದು ಬಣ್ಣದಲ್ಲಿ ಬರೆದದ್ದು ಟೈಪಿಸಲು ಶುರು ಮಾಡಿದ ಕೂಡಲೇ ಮಾಯವಾಗುತ್ತದೆ, ಏನು ಬರೆಯಬೇಕಿತ್ತೆಂದು ಮರೆತವರು ಅಳಿಸಿ ನೋಡಬೇಕಾಗುತ್ತದೆ. ತಪ್ಪಾದಾಗ ಕೆಂಪು ಗೆರೆಯೊಂದೇ ಸಾಲದು, ಏನು ತಪ್ಪು ಎಂದು ಪದಗಳಲ್ಲಿ ಹೇಳಿ, ತುಂಬಿದ್ದನ್ನು ಅಳಿಸಿಹಾಕಬೇಡಿ.

ವಿನ್ಯಾಸಕಾರರಿಗೆ ಈ ಅಂಕಿಗಳನ್ನು ಶುರುವಿನಲ್ಲೇ ಕೊಟ್ಟುಬಿಡಿ. ಸಾಮಾನ್ಯ ಪಠ್ಯ ಮತ್ತು ಹಿನ್ನೆಲೆಯ ನಡುವೆ ಕನಿಷ್ಠ 4.5:1 ವೈದೃಶ್ಯ (ಕಾಂಟ್ರಾಸ್ಟ್), ದೊಡ್ಡ ಅಕ್ಷರಕ್ಕೆ 3:1. ಬಿಳಿಯ ಮೇಲೆ #999999 ಬೂದು ಬಣ್ಣ ಸುಮಾರು 2.85:1 ಮಾತ್ರ, ಅದು ತೇರ್ಗಡೆಯಾಗುವುದಿಲ್ಲ. #767676 ಅಂಚಿನಲ್ಲಿ ತೇರ್ಗಡೆ. ಒತ್ತುವ ಜಾಗಗಳಿಗೆ, ಸೈಟ್ ಎಲ್ಲರಿಗೂ ಬಳಸಲಾಗುವಂತಿರಬೇಕೆಂಬ ಮಾನದಂಡ ಡಬ್ಲ್ಯೂಸಿಎಜಿ 2.2 ಹೇಳುವ ಕನಿಷ್ಠ ಅಳತೆ 24 ಪಿಕ್ಸೆಲ್, ಆದರೆ ಮುಖ್ಯ ಬಟನ್‌ಗಳಿಗೆ 44 ಇಡಿ. ಕೊನೆಗೆ ಮೌಸ್ ಪಕ್ಕಕ್ಕಿಟ್ಟು ಟ್ಯಾಬ್, ಎಂಟರ್ ಮುಂತಾದ ಕೀಲಿಗಳಿಂದಲೇ ಮೆನುವಿನಿಂದ ಫಾರ್ಮ್ ಕಳಿಸುವವರೆಗೆ ಹೋಗಿ ನೋಡಿ. ಎಲ್ಲಿದ್ದೇವೆ ಎಂದು ತೋರಿಸುವ ಚೌಕಟ್ಟು ಕಾಣದಿದ್ದರೆ ಯಾರೋ ಅದನ್ನು ಅಂದಕ್ಕಾಗಿ ತೆಗೆದಿದ್ದಾರೆ. ವಾಪಸ್ ಹಾಕಿಸಿ.

ರೇಖಾಚಿತ್ರ

ಬಣ್ಣದ ಅಂಕಿಗಳು ಮೊದಲೇ ಸಿಕ್ಕರೆ ವಿನ್ಯಾಸಕ್ಕೆ ಅಡ್ಡಿಯೇನಿಲ್ಲ. ಮುಗಿದ ಮೇಲೆ ಹೇಳಿದರೆ ಬ್ರ್ಯಾಂಡ್ ಬಣ್ಣದಿಂದ ಹಿಡಿದು ಎಲ್ಲ ಕೆಡವಬೇಕು.

ಹಗುರಪುಟ

ವೇಗದ ಅಳತೆಯೂ ಒಪ್ಪಂದದಲ್ಲಿರಲಿ. ಗೂಗಲ್‌ನ ಕೋರ್ ವೆಬ್ ವೈಟಲ್ಸ್ ಪ್ರಕಾರ ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು, ಪುಟ ಕುಪ್ಪಳಿಸುವ ಅಂಕ 0.1 ದಾಟಬಾರದು. ನೂರರಲ್ಲಿ 75 ಭೇಟಿಗಳಿಗಾದರೂ ಇದು ನಿಜವಾಗಬೇಕು.

ಸೈಟ್ ನಿಧಾನ ಎಂದ ಕೂಡಲೇ ಹೋಸ್ಟಿಂಗ್ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಸಾಮಾನ್ಯವಾಗಿ ತಪ್ಪು ಚಿತ್ರಗಳದ್ದು. ಫೋನಿನಲ್ಲಿ ತೆಗೆದ 4000 ಪಿಕ್ಸೆಲ್ ಅಗಲದ, ನಾಲ್ಕೈದು ಎಂಬಿಯ ಫೋಟೋ ಹಾಗೇ ಏರಿಸಿರುತ್ತಾರೆ. 1600 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ ರೂಪಕ್ಕೆ ತಂದರೆ 200 ಕೆಬಿಯೊಳಗೆ ಬರುತ್ತದೆ. ಪ್ರತಿ ಚಿತ್ರದ ಅಗಲ, ಎತ್ತರ ಕೋಡ್‌ನಲ್ಲಿ ಬರೆದಿರಬೇಕು, ಇಲ್ಲದಿದ್ದರೆ ಚಿತ್ರ ಇಳಿದಾಗ ಪಠ್ಯ ಕೆಳಗೆ ಜಿಗಿಯುತ್ತದೆ. ಕೆಳಗಿನ ಚಿತ್ರಗಳು ತಡವಾಗಿ ಇಳಿಯುವಂತೆ ಮಾಡುವುದು ಸರಿ, ಆದರೆ ಮೇಲ್ಭಾಗದ ದೊಡ್ಡ ಚಿತ್ರಕ್ಕೂ ಅದೇ ಲೇಜಿ ಲೋಡಿಂಗ್ ಹಚ್ಚಿದರೆ 2.5 ಸೆಕೆಂಡಿನ ಗುರಿ ಅಲ್ಲೇ ತಪ್ಪುತ್ತದೆ.

ಎರಡನೇ ಭಾರ ಹೊರಗಿನ ಸ್ಕ್ರಿಪ್ಟ್‌ಗಳು. ಚಾಟ್ ಪೆಟ್ಟಿಗೆ, ನಕ್ಷೆ, ಸಾಮಾಜಿಕ ಜಾಲದ ಗೋಡೆ, ವಿಡಿಯೋ. ನಕ್ಷೆಯ ಬದಲು ಅದರ ಚಿತ್ರ ಹಾಕಿ ಕೊಂಡಿ ಕೊಡಿ. ವಿಡಿಯೋ ಒತ್ತಿದಾಗ ಮಾತ್ರ ಇಳಿಯಲಿ. ಅಕ್ಷರಶೈಲಿ ಕಡತಗಳು ವೋಫ್2 ರೂಪದಲ್ಲಿರಲಿ. ಕನ್ನಡದ ಅಕ್ಷರಶೈಲಿ ಒತ್ತು, ಗುಣಿತಗಳಿಂದಾಗಿ ದೊಡ್ಡದಿರುತ್ತದೆ, ಎರಡು ತೂಕಕ್ಕಿಂತ (ಸಾಮಾನ್ಯ, ದಪ್ಪ) ಹೆಚ್ಚು ಬೇಡ.

ಒಂದು ಎಚ್ಚರ. ವೇಗ ಅಳೆಯುವ ಸಾಧನ ಲೈಟ್‌ಹೌಸ್ ತೋರಿಸುವ ಅಂಕ ಪ್ರಯೋಗಾಲಯದ್ದು. ಬಳಕೆದಾರರಿಂದ ಬರುವ ನಿಜವಾದ ಅಂಕಿ ಹಿಂದಿನ 28 ದಿನಗಳ ಭೇಟಿಗಳನ್ನು ಒಟ್ಟುಗೂಡಿಸಿ ಲೆಕ್ಕವಾಗುತ್ತದೆ. ಇಂದು ಸರಿಪಡಿಸಿದ್ದು ನಾಳೆಯೇ ಸರ್ಚ್ ಕನ್ಸೋಲ್‌ನಲ್ಲಿ ಕಾಣಲಿಲ್ಲವೆಂದು ಮತ್ತೆ ಕೆದಕಬೇಡಿ.

ಹೊಸಪುಟ

ಲೆಕ್ಕಪಟ್ಟಿಯಲ್ಲಿ "ತೆಗೆ" ಎಂದು ಬಂದ ಪುಟಗಳ ವಿಳಾಸಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸಿದರೆ ಸಾಕಲ್ಲವೇ?

ಜಾಲಶಿಲ್ಪಿ

ಸಾಲದು. ಸಂಬಂಧವಿಲ್ಲದ ಕಡೆ ತಿರುಗಿಸಿದ್ದನ್ನು ಗೂಗಲ್ ಇಲ್ಲದ ಪುಟವೆಂದೇ ಎಣಿಸುತ್ತದೆ, ಹಳೆಯ ಪುಟ ಗಳಿಸಿದ್ದ ಬೆಲೆ ಹೊಸದಕ್ಕೆ ಸಿಗುವುದಿಲ್ಲ. ಸಮಾನವಾದ ಹೊಸ ಪುಟ ಇದ್ದರೆ ಅದಕ್ಕೇ 301. ಇಲ್ಲದಿದ್ದರೆ ಪ್ರಾಮಾಣಿಕವಾಗಿ 404 ಅಥವಾ 410 (ಪುಟ ಇಲ್ಲ ಎಂಬ ಉತ್ತರ) ಕೊಡಿ, ಆ ಪುಟದಲ್ಲಿ ಸೇವೆಗಳ ಕೊಂಡಿ, ಫೋನ್ ನಂಬರ್ ಇರಲಿ. 302 ಬಳಸಬೇಡಿ, ಅದು ತಾತ್ಕಾಲಿಕ ಎಂಬ ಸೂಚನೆ. ಹಳೆಯದರಿಂದ ಹೊಸದಕ್ಕೆ ಒಂದೇ ಜಿಗಿತದಲ್ಲಿ ತಲುಪಬೇಕು: ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ, ಅಲ್ಲಿಂದ ಡಬ್ಲ್ಯೂಡಬ್ಲ್ಯೂಡಬ್ಲ್ಯೂಗೆ, ಅಲ್ಲಿಂದ ಹೊಸ ಪುಟಕ್ಕೆ ಎಂಬ ಸರಪಣಿ ಬೇಡ. ಮರುನಿರ್ದೇಶನಗಳನ್ನು ಕನಿಷ್ಠ ಒಂದು ವರ್ಷ ಉಳಿಸಿ ಎನ್ನುತ್ತದೆ ಗೂಗಲ್. ತೆಗೆಯಲು ಕಾರಣವೇ ಇಲ್ಲವಾದ್ದರಿಂದ ಶಾಶ್ವತವಾಗಿ ಉಳಿಸಿ.

ವಿಳಾಸ ಚೆನ್ನಾಗಿದ್ದರೆ ಬದಲಿಸಲೇಬೇಡಿ. ಹೊಸ ಸೈಟಿನಲ್ಲಿ ಹಳೆಯ ವಿಳಾಸವೇ ಮುಂದುವರಿಯುವುದು ಎಲ್ಲಕ್ಕಿಂತ ಒಳ್ಳೆಯದು.

ಸರ್ವರ್‌ಪಾಲಕ

ಪರೀಕ್ಷಾ ಆವೃತ್ತಿಯನ್ನು ಪಾಸ್‌ವರ್ಡ್ ಹಿಂದೆ ಇಡಿ. ಎಲ್ಲಿ ಓದಬಾರದೆಂದು ಹುಡುಕಾಟ ಯಂತ್ರಗಳಿಗೆ ಹೇಳುವ ರೋಬೋಟ್ಸ್ ಕಡತದಲ್ಲಿ ತಡೆದರೆ ಸಾಲದು, ಹೊರಗಿನ ಕೊಂಡಿ ಸಿಕ್ಕರೆ ಆ ವಿಳಾಸ ಹುಡುಕಾಟದಲ್ಲಿ ಬರಬಹುದು. ಅಲ್ಲದೆ ರೋಬೋಟ್ಸ್‌ನಲ್ಲಿ ತಡೆದ ಪುಟದೊಳಗಿನ ನೋಇಂಡೆಕ್ಸ್ (ಇದನ್ನು ಹುಡುಕಾಟದಲ್ಲಿ ತೋರಿಸಬೇಡಿ ಎಂಬ) ಸೂಚನೆಯನ್ನು ಗೂಗಲ್ ಓದುವುದೇ ಇಲ್ಲ.

ಪ್ರಕಟಣೆಗೆ ವಾರದ ಆರಂಭದ ಬೆಳಗಿನ ಹೊತ್ತು ಆರಿಸಿ, ರಜೆಯ ಹಿಂದಿನ ಸಂಜೆ ಬೇಡ. ಮೊದಲು ಹಳೆಯ ಸೈಟಿನ ಕಡತ, ಡೇಟಾಬೇಸ್ ಎರಡರ ಬ್ಯಾಕಪ್, ಡಿಎನ್‌ಎಸ್ ದಾಖಲೆಗಳ ಪೂರ್ತಿ ಪ್ರತಿ. ನಂತರ ಎ ದಾಖಲೆ ಬದಲಾವಣೆ. ಮೊದಲ ಹತ್ತು ನಿಮಿಷದಲ್ಲಿ ನೋಡಬೇಕಾದ್ದು: ಪ್ರಮಾಣಪತ್ರ ಬಂದಿದೆಯೇ, ನೋಇಂಡೆಕ್ಸ್ ತೆಗೆದಿದೆಯೇ, ಫಾರ್ಮ್ ಇಮೇಲ್ ಬಂತೇ, ಸಂಸ್ಥೆಯ ಇಮೇಲ್ ಒಳಗೂ ಹೊರಗೂ ಓಡಾಡುತ್ತಿದೆಯೇ. ವರ್ಡ್‌ಪ್ರೆಸ್‌ನಲ್ಲಿ ಹುಡುಕಾಟ ಯಂತ್ರಗಳನ್ನು ತಡೆಯುವ ಆ ಒಂದು ಗುರುತನ್ನು ತೆಗೆಯಲು ಮರೆತು ವಾರಗಟ್ಟಲೆ ಗೂಗಲ್‌ನಿಂದ ಮಾಯವಾಗುವ ಸೈಟುಗಳು ಎಷ್ಟೋ. ಪುಟದ ಅಸಲಿ ವಿಳಾಸ ಯಾವುದೆಂದು ಗೂಗಲ್‌ಗೆ ಹೇಳುವ ಕೆನಾನಿಕಲ್ ಕೊಂಡಿಗಳಲ್ಲಿ ಪರೀಕ್ಷಾ ವಿಳಾಸ ಉಳಿದಿದೆಯೇ ಎಂದೂ ನೋಡಿ. ಡೇಟಾಬೇಸ್‌ನಲ್ಲಿ ಅದನ್ನು ಸಾಮಾನ್ಯ ಹುಡುಕು-ಬದಲಿಸು ವಿಧಾನದಿಂದ ಬದಲಿಸಬೇಡಿ. ಕೆಲವು ಮೌಲ್ಯಗಳು ಅಕ್ಷರಗಳ ಎಣಿಕೆಯೊಂದಿಗೆ ಕೂತಿರುತ್ತವೆ, ಉದ್ದ ಬದಲಾದರೆ ಸೆಟ್ಟಿಂಗ್‌ಗಳು ಮುರಿಯುತ್ತವೆ. ಅದನ್ನು ತಿಳಿದು ಕೆಲಸ ಮಾಡುವ, ವರ್ಡ್‌ಪ್ರೆಸ್‌ನ ಆಜ್ಞಾಸಾಲಿನ ಸಾಧನ ಡಬ್ಲ್ಯೂಪಿ-ಸಿಎಲ್‌ಐ ಬಳಸಿ.

ಹಳೆಯ ಹೋಸ್ಟಿಂಗ್ ಒಂದು ತಿಂಗಳು ಉಳಿಸಿ. ಅಲ್ಲಿಯೇ ಇಮೇಲ್ ಪೆಟ್ಟಿಗೆಗಳಿದ್ದರೆ, ಅವನ್ನು ಬೇರೆಡೆಗೆ ಸಾಗಿಸುವವರೆಗೆ ಮುಚ್ಚಲೇಬೇಡಿ.

ಹಗುರಪುಟ

ಪ್ರಕಟವಾದ ದಿನವೇ ಎರಡು ಕೆಲಸ: ಸರ್ಚ್ ಕನ್ಸೋಲ್‌ಗೆ ಹೊಸ ಸೈಟ್‌ಮ್ಯಾಪ್ (ಪುಟಗಳ ವಿಳಾಸಪಟ್ಟಿ) ಕೊಡುವುದು, ಭೇಟಿಗಳ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ 4ರಲ್ಲಿ ಮಾಹಿತಿ ಉಳಿಸುವ ಅವಧಿಯನ್ನು 2 ತಿಂಗಳಿನಿಂದ 14ಕ್ಕೆ ಏರಿಸುವುದು. ಹಾಗೇ ಬಿಟ್ಟರೆ ವಿವರವಾದ ಹೋಲಿಕೆಗೆ ಬೇಕಾದ ಹಿಂದಿನ ವರ್ಷದ ಮಾಹಿತಿ ಅಳಿಸಿಹೋಗಿರುತ್ತದೆ. ಫಾರ್ಮ್ ಕಳಿಸಿದ್ದು, ಫೋನ್ ನಂಬರ್ ಒತ್ತಿದ್ದು, ಎರಡನ್ನೂ ಪ್ರತ್ಯೇಕ ಘಟನೆಯಾಗಿ ಎಣಿಸಿ. ಜಾಲಶಿಲ್ಪಿ ಹೇಳಿದ ಮೊದಲ ಹಾಳೆಯಲ್ಲಿ ಬರೆದದ್ದು ಇವನ್ನೇ ಅಲ್ಲವೇ.

ಹೊಸಪುಟ

ಕೊನೆಯ ಪ್ರಶ್ನೆ. ಒಟ್ಟು ಸಮಯ ಎಷ್ಟು ಇಟ್ಟುಕೊಳ್ಳಬೇಕು, ಆಮೇಲಿನ ನಿರ್ವಹಣೆ ಹೇಗೆ?

ಗಡಿಕಲ್ಲು

ನಿಮ್ಮ ಗಾತ್ರದ ಸೈಟಿಗೆ ಉದ್ದೇಶ ಮತ್ತು ಲೆಕ್ಕಪಟ್ಟಿಗೆ ಒಂದು ವಾರ, ಬರಹ ಮತ್ತು ವೈರ್‌ಫ್ರೇಮ್‌ಗೆ ನಾಲ್ಕು, ವಿನ್ಯಾಸಕ್ಕೆ ಎರಡು, ಕಟ್ಟಲು ಎರಡು, ಪರೀಕ್ಷೆಗೆ ಒಂದು. ಹತ್ತು ವಾರ. ಬರಹ ಸಿದ್ಧವಿದ್ದರೆ ಏಳಕ್ಕೆ ಇಳಿಯಬಹುದು. ಪರೀಕ್ಷೆಯ ವಾರವನ್ನು ಕತ್ತರಿಸಿ ದಿನಾಂಕ ಹಿಡಿಯಲು ಹೋಗಬೇಡಿ.

ಸರ್ವರ್‌ಪಾಲಕ

ನಿರ್ವಹಣೆ: ವಾರಕ್ಕೊಮ್ಮೆ ಅಪ್‌ಡೇಟ್, ದಿನಕ್ಕೊಂದು ಬ್ಯಾಕಪ್. ಬ್ಯಾಕಪ್ ಅದೇ ಹೋಸ್ಟಿಂಗ್ ಖಾತೆಯಲ್ಲಿದ್ದರೆ ಖಾತೆ ಹೋದಾಗ ಅದೂ ಹೋಗುತ್ತದೆ, ಬೇರೆ ಸಂಸ್ಥೆಯ ಜಾಗದಲ್ಲಿಡಿ. ಮೂರು ತಿಂಗಳಿಗೊಮ್ಮೆ ಅದನ್ನು ಪರೀಕ್ಷಾ ಜಾಗದಲ್ಲಿ ನಿಜವಾಗಿ ಮರುಸ್ಥಾಪಿಸಿ ನೋಡಿ, ಡೇಟಾಬೇಸ್ ಸೇರಿಯೇ. ಅದೇ ದಿನ ಸಂಪರ್ಕ ಫಾರ್ಮ್ ತುಂಬಿ ಇಮೇಲ್ ಬರುತ್ತದೆಯೇ ಎಂದೂ, ಕೆಲಸ ಬಿಟ್ಟು ಹೋದವರ ಲಾಗಿನ್‌ಗಳು ಮುಚ್ಚಿವೆಯೇ ಎಂದೂ ನೋಡಿ.

ಹೊಸಪುಟ

ಡೊಮೈನ್ ಖಾತೆ ಮತ್ತು ಡಿಎನ್‌ಎಸ್ ದಾಖಲೆಗಳ ಪ್ರತಿಯಿಂದಲೇ ಶುರು ಮಾಡುತ್ತೇವೆ. ಲೆಕ್ಕಪಟ್ಟಿ ಸಿದ್ಧವಾದ ಮೇಲೆ ವಿಳಾಸಗಳ ಜೋಡಣೆಯನ್ನು ಇಲ್ಲೇ ಹಾಕುತ್ತೇವೆ, ದಯವಿಟ್ಟು ನೋಡಿ.

ಜಾಲಶಿಲ್ಪಿ

ಹಾಕಿ. ಪಿಡಿಎಫ್ ಸಾಲುಗಳನ್ನು ಬಿಡಬೇಡಿ.